ಬಿರುಗಾಳಿಗೆ ಮುನ್ನ ಮನೆಯನ್ನೂ ದೇವಾಲಯವನ್ನೂ ಸಿದ್ಧಗೊಳಿಸೋಣ



ಬಂಡೆಯ ಮೇಲೆ ಮನೆ ಕಟ್ಟಿದವನ ಮತ್ತು ಮರಳಿನ ಮೇಲೆ ಮನೆ ಕಟ್ಟಿದವನ ಸಾಮತಿ ನಮಗೆಲ್ಲ ಗೊತ್ತಿದೆ (ಮತ್ತಾಯ 7:24-27). ಅದರಲ್ಲಿ ಒಂದು ಸಂಗತಿಯನ್ನು ನಾವು ಗಮನಿಸುವುದು ಕಡಿಮೆ. ಮಳೆ, ಪ್ರವಾಹ, ಗಾಳಿ ಇಬ್ಬರ ಮನೆಗೂ ಬಡಿದವು. ವಿವೇಕಿಯ ಮನೆಗೆ ಬಿರುಗಾಳಿ ತಟ್ಟಲೇ ಇಲ್ಲವೆಂದು ಪ್ರಭು ಯೇಸು ಹೇಳಲಿಲ್ಲ. ಬಿರುಗಾಳಿಗೆ ಮೊದಲು ಅವನು ಮಾಡಿದ್ದ ಕೆಲಸವೇ ಅವನ ಮನೆಯನ್ನು ಉಳಿಸಿತು.

ಅರಬ್ಬೀ ಸಮುದ್ರದಲ್ಲಿ ಚಂಡಮಾರುತಗಳು ಹೆಚ್ಚಾಗಿ ಏಳುವುದು ಎರಡು ಕಾಲಗಳಲ್ಲಿ: ಮುಂಗಾರು ಬಲಗೊಳ್ಳುವ ಮುನ್ನ ಮೇ-ಜೂನ್‌ನಲ್ಲಿ, ಮುಂಗಾರು ಮುಗಿದ ಮೇಲೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಮೇ ಮಾತೆ ಮರಿಯಮ್ಮನವರ ತಿಂಗಳು, ಅಕ್ಟೋಬರ್ ಜಪಸರದ ತಿಂಗಳು. ಮನೆಮನೆಯಲ್ಲಿ ಕೂಡಿ ಪ್ರಾರ್ಥಿಸುವ ಆ ದಿನಗಳೇ ಸಿದ್ಧತೆಗೂ ತಕ್ಕ ದಿನಗಳು.

ಸಮುದ್ರದ ಮೇಲ್ಪದರದ ನೀರು ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಾದಾಗ ಅಲ್ಲಿಂದೇಳುವ ಆವಿಯೇ ಚಂಡಮಾರುತಕ್ಕೆ ಬಲ ಕೊಡುತ್ತದೆ. ಸುತ್ತುವ ಗಾಳಿಯ ವೇಗ ಗಂಟೆಗೆ 62 ಕಿ.ಮೀ. ಮುಟ್ಟಿದಾಗ ನಮ್ಮ ಹವಾಮಾನ ಇಲಾಖೆ ಅದನ್ನು ಚಂಡಮಾರುತವೆಂದು ಕರೆದು ಹೆಸರಿಡುತ್ತದೆ. ಅಟ್ಲಾಂಟಿಕ್ ಸಾಗರದಲ್ಲಿ ಇಂಥದ್ದೇ ಗಾಳಿ 119 ಕಿ.ಮೀ. ವೇಗ ತಲುಪಿದರೆ ಅದು ‘ಹರಿಕೇನ್’. ಅಲ್ಲಿ ಜೂನ್ 1ರಿಂದ ನವೆಂಬರ್ 30ರವರೆಗೆ ಹರಿಕೇನ್ ಕಾಲ.

ಅಮೆರಿಕದ ಲೂಸಿಯಾನ ರಾಜ್ಯದ ಕರಾವಳಿಗೆ 1957ರ ಜೂನ್ 27ರಂದು ‘ಆಡ್ರೆ’ ಹರಿಕೇನ್ ಅಪ್ಪಳಿಸಿತು. ತಗ್ಗು ಪ್ರದೇಶ ಬಿಡಿ ಎಂಬ ಎಚ್ಚರಿಕೆ ಹಿಂದಿನ ದಿನವೇ ಬಂದಿತ್ತು. ಬೆಳಿಗ್ಗೆ ಹೊರಟರಾಯಿತು ಎಂದು ಅನೇಕರು ಮಲಗಿದರು. ಬೆಳಗಾಗುವಷ್ಟರಲ್ಲಿ ಸಮುದ್ರ ಒಳನುಗ್ಗಿತ್ತು. ನಾನೂರಕ್ಕೂ ಹೆಚ್ಚು ಜನ ಸತ್ತರು. ಆ ದುರಂತದ ನಂತರ ಲಫಾಯೆಟ್ ಧರ್ಮಾಧ್ಯಕ್ಷರಾಗಿದ್ದ ಮೌರಿಸ್ ಶೆಕ್ಸ್‌ನೈಡರ್ ಅವರು ಮಾತೆ ಮರಿಯಮ್ಮನವರನ್ನು ಸಮುದ್ರತಾರೆಯೆಂದು ಕರೆದು ಬೇಡುವ ಒಂದು ಪ್ರಾರ್ಥನೆಯನ್ನು ರಚಿಸಿದರು. ಹರಿಕೇನ್ ಕಾಲದಲ್ಲಿ ಅಲ್ಲಿನ ದೇವಾಲಯಗಳಲ್ಲಿ ಅದನ್ನು ಹೇಳುತ್ತಾರೆ. ಪ್ರಾರ್ಥಿಸುವವರು ಎಚ್ಚರಿಕೆಯ ಮಾತಿಗೂ ಕಿವಿಗೊಡಬೇಕು. ಆ ದುರಂತ ಕಲಿಸುವ ಪಾಠ ಇದು.

ನಮ್ಮ ದೇಶವೂ ಇದನ್ನು ಕಂಡಿದೆ. 1999ರ ಒಡಿಶಾ ಚಂಡಮಾರುತದಲ್ಲಿ ಸುಮಾರು ಹತ್ತು ಸಾವಿರ ಮಂದಿ ಮಡಿದರು. 2013ರಲ್ಲಿ ಅದೇ ಕರಾವಳಿಗೆ ‘ಫೈಲಿನ್’ ಬಂದಾಗ ಸುಮಾರು ಹತ್ತು ಲಕ್ಷ ಜನರನ್ನು ಮೊದಲೇ ಸ್ಥಳಾಂತರಿಸಿದ್ದರಿಂದ ಸತ್ತವರ ಸಂಖ್ಯೆ ನೂರನ್ನು ಮುಟ್ಟಲಿಲ್ಲ. 2017ರ ‘ಓಖಿ’ ಕನ್ಯಾಕುಮಾರಿ ಮತ್ತು ತಿರುವನಂತಪುರದ ಕಡಲತಡಿಯ ಕಥೋಲಿಕ ಕುಟುಂಬಗಳಿಂದ ನೂರಾರು ಮೀನುಗಾರರನ್ನು ಕಿತ್ತುಕೊಂಡಿತು. ಆಳ ಸಮುದ್ರದಲ್ಲಿದ್ದವರಿಗೆ ಸುದ್ದಿ ಮುಟ್ಟಲೇ ಇಲ್ಲ. 2021ರ ಮೇ ತಿಂಗಳಲ್ಲಿ ‘ತೌಕ್ತೆ’ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದುಹೋದಾಗ ಉಳ್ಳಾಲದಂಥ ಕಡೆ ಕಡಲಬದಿಯ ಮನೆಗಳು ನಲುಗಿದವು.

ಮನೆಯಲ್ಲಿ

ಪ್ರತಿಯೊಬ್ಬರಿಗೂ ದಿನಕ್ಕೆ ನಾಲ್ಕು ಲೀಟರಿನಂತೆ ಮೂರು ದಿನಕ್ಕಾಗುವಷ್ಟು ಕುಡಿಯುವ ನೀರು, ಬೇಯಿಸದೆ ತಿನ್ನಬಹುದಾದ ಅವಲಕ್ಕಿ, ಬೆಲ್ಲ, ಬಿಸ್ಕತ್ತು, ದಿನದ ಔಷಧ, ಟಾರ್ಚು, ಬ್ಯಾಟರಿಯ ರೇಡಿಯೊ ಒಂದೆಡೆ ಇರಲಿ. ಪಡಿತರ ಚೀಟಿ, ಆಧಾರ್, ಜಾಗದ ಪತ್ರ, ಬ್ಯಾಂಕಿನ ಪುಸ್ತಕಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎತ್ತರದಲ್ಲಿಡಿ. ಸಡಿಲವಾದ ಹೆಂಚು-ತಗಡುಗಳನ್ನು ಬಿಗಿಮಾಡಿ. ಮನೆಯ ಮೇಲೆ ಬಾಗಿದ ಕೊಂಬೆಗಳನ್ನು ಮೊದಲೇ ಕಡಿಸಿ. ಬಿರುಗಾಳಿಯಲ್ಲಿ ಆಶೀರ್ವದಿಸಿದ ಮೇಣದಬತ್ತಿ ಹಚ್ಚುವ ವಾಡಿಕೆ ಅನೇಕ ಮನೆಗಳಲ್ಲಿದೆ. ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿ, ಅನಿಲದ ವಾಸನೆ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಅದನ್ನು ಹಚ್ಚಿ.

ಗಾಳಿ ಒಮ್ಮೆಲೇ ನಿಂತರೆ ಹೊರಗೆ ಹೋಗಬೇಡಿ. ಅದು ಚಂಡಮಾರುತದ ಕಣ್ಣು ಹಾದುಹೋಗುವ ಹೊತ್ತಾಗಿರಬಹುದು. ಸ್ವಲ್ಪದರಲ್ಲೇ ಎದುರು ದಿಕ್ಕಿನಿಂದ ಗಾಳಿ ಅಷ್ಟೇ ಬಲವಾಗಿ ಬೀಸುತ್ತದೆ. ಮೀನುಗಾರರ ಮನೆಯವರು ದೋಣಿಯಲ್ಲಿ ಜೀವರಕ್ಷಕ ಕವಚ ಮತ್ತು ರೇಡಿಯೊ ಇವೆಯೇ ಎಂದು ಕೇಳದೆ ಯಾರನ್ನೂ ಕಡಲಿಗೆ ಕಳುಹಿಸಬೇಡಿ. ತುರ್ತು ಸಂಖ್ಯೆಗಳು: ಜಿಲ್ಲಾ ನಿಯಂತ್ರಣ ಕೊಠಡಿ 1077, ಕರಾವಳಿ ಕಾವಲು ಪಡೆ 1554, ಸಾಮಾನ್ಯ ತುರ್ತು ಸೇವೆ 112.

ಧರ್ಮಕೇಂದ್ರದಲ್ಲಿ

ಯಾವ ಮನೆಯಲ್ಲಿ ಅಜ್ಜಿ ಒಬ್ಬರೇ ಇದ್ದಾರೆ, ಯಾರು ಹಾಸಿಗೆ ಹಿಡಿದಿದ್ದಾರೆ, ಯಾರು ತುಂಬು ಗರ್ಭಿಣಿ, ಯಾರ ಮಗ ದೂರದ ಗಲ್ಫಿನಲ್ಲಿದ್ದಾನೆ ಎಂಬುದು ವಾರ್ಡಿನ ಗುರಿಕಾರರಿಗೆ ತಿಳಿದಿರುತ್ತದೆ. ಆ ತಿಳಿವಳಿಕೆಯೇ ನಮ್ಮ ದೊಡ್ಡ ಆಸ್ತಿ. ಅದನ್ನು ಪಟ್ಟಿಮಾಡಿ, ಪ್ರತಿ ಹೆಸರಿನ ಮುಂದೆ ಇಬ್ಬರು ಯುವಕರ ಹೆಸರು ಬರೆಯಿರಿ. ಸ್ಥಳಾಂತರದ ಸೂಚನೆ ಬಂದೊಡನೆ ಅವರು ಆ ಮನೆಗೆ ಹೋಗಬೇಕು.

ದೇವಾಲಯದ ಸಭಾಂಗಣ ಎತ್ತರದಲ್ಲಿದ್ದು ಗಟ್ಟಿಯಾಗಿದ್ದರೆ ಆಶ್ರಯಕ್ಕೆ ಬಳಸಬಹುದೇ ಎಂದು ತಾಲೂಕು ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಶೌಚಾಲಯ, ನೀರಿನ ಟ್ಯಾಂಕು, ಜನರೇಟರ್ ಸರಿಯಾಗಿವೆಯೇ ನೋಡಿ. ಜ್ಞಾನಸ್ನಾನ ಮತ್ತು ವಿವಾಹದ ದಾಖಲೆ ಪುಸ್ತಕಗಳನ್ನು ಮೇಲಂತಸ್ತಿಗೆ ಸಾಗಿಸಿ. ಅಪಾಯದ ಗಂಟೆಯನ್ನು ಹೇಗೆ ಬಾರಿಸುತ್ತೇವೆಂದು ಒಂದು ಭಾನುವಾರ ಬಾರಿಸಿಯೇ ತೋರಿಸಿ. ಆ ದಿನ ಬಾಗಿಲು ಎಲ್ಲರಿಗೂ ತೆರೆದಿರಲಿ. ನೆರೆಯವರು ಯಾವ ಮತದವರೆಂದು ಪ್ರಭು ಕೇಳುವುದಿಲ್ಲ.

ಬಿರುಗಾಳಿಯಲ್ಲಿ ಸಿಲುಕಿದ ಶಿಷ್ಯರು ಪ್ರಭುವನ್ನು ಕೂಗಿ ಎಬ್ಬಿಸಿದರು (ಮಾರ್ಕ 4:35-41). ಇಂದು ಅಂಥದೇ ಕೂಗು ಪಕ್ಕದ ಮನೆಯ ವೃದ್ಧೆಯಿಂದ ಬರಬಹುದು. ಅದಕ್ಕೆ ಓಗೊಡಬೇಕಾದವರು ನಾವು. ಈ ವರ್ಷದ ಜಪಸರ ಮುಗಿದೊಡನೆ ಪ್ರತಿ ವಾರ್ಡಿನಲ್ಲೂ ಆ ಪಟ್ಟಿ ಬರೆಯಲು ಕುಳಿತುಕೊಳ್ಳೋಣ. ಸಮುದ್ರತಾರೆಯಾದ ಮಾತೆ ಮರಿಯಮ್ಮನವರು ನಮ್ಮೆಲ್ಲರ ಮನೆಗಳನ್ನೂ ಕಡಲಿಗಿಳಿದ ನಮ್ಮವರನ್ನೂ ಕಾಪಾಡಲಿ.