ಹತ್ತು ಲಕ್ಷ ಅಕ್ಷರಗಳಾಚೆ ಅಡಗಿದ ಆರನೇ ಬೆರಳು!

ಅಮೆರಿಕದ ಕೀ ವೆಸ್ಟ್ ದ್ವೀಪದಲ್ಲಿ ಕಾದಂಬರಿಕಾರ ಹೆಮಿಂಗ್ವೇ ಬಾಳಿದ ಮನೆಯಿದೆ. ಅಲ್ಲಿ ಓಡಾಡುವ ಬೆಕ್ಕುಗಳ ಮುಂಗಾಲು ನೋಡಿ: ಹಲವಕ್ಕೆ ಐದರ ಬದಲು ಆರು ಬೆರಳು! ಹೆಬ್ಬೆರಳ ಪಕ್ಕ ಇನ್ನೊಂದು, ಉಗುರು ಸಮೇತ. ಇದಕ್ಕೆಲ್ಲ ಕಾರಣ ಡಿಎನ್‌ಎಯ ಒಂದೇ ಒಂದು ಅಕ್ಷರ ಬದಲಾದದ್ದು. ಅದೂ ಎಲ್ಲಿ? ಯಾವ ಪ್ರೋಟೀನಿನ ಸೂತ್ರವೂ ಇಲ್ಲದ ಜಾಗದಲ್ಲಿ!

ಭ್ರೂಣದಲ್ಲಿ ಕೈ ಮೊಳೆಯುವಾಗ ಸೋನಿಕ್ ಹೆಡ್ಜ್‌ಹಾಗ್ ಎಂಬ ಜೀನ್ ಕಿರುಬೆರಳ ಅಂಚಿನಲ್ಲಷ್ಟೇ ಎಚ್ಚರಗೊಳ್ಳಬೇಕು. ಅಲ್ಲಿಂದ ಹರಡುವ ಪ್ರೋಟೀನಿನ ಪ್ರಮಾಣ ನೋಡಿಯೇ ಬೆರಳುಗಳು ಮೂಡುತ್ತವೆ. ಈ ಜೀನನ್ನು ಎಬ್ಬಿಸುವ ತುಣುಕನ್ನು 2003ರಲ್ಲಿ ಎಡಿನ್‌ಬರೋದ ವಿಜ್ಞಾನಿಗಳು ಪತ್ತೆಹಚ್ಚಿದರು. ಹೆಸರು ಜೆಡ್‌ಆರ್‌ಎಸ್, ಉದ್ದ ಸುಮಾರು 800 ಅಕ್ಷರ. ಅದಿರುವುದು ಸುಮಾರು 10 ಲಕ್ಷ ಅಕ್ಷರಗಳಾಚೆ, ಬೇರೊಂದು ಜೀನಿನ ಹೊಟ್ಟೆಯೊಳಗೆ! ನಮ್ಮ ಮನೆಯ ದೀಪದ ಸ್ವಿಚ್ಚು ಆಚೆ ಊರಿನ ಯಾರದೋ ಗೋಡೆಯಲ್ಲಿದ್ದ ಹಾಗೆ. ಡಿಎನ್‌ಎ ಎಳೆ ಬಾಗಿ, ಮಡಚಿಕೊಂಡು ಇವೆರಡನ್ನೂ ಹತ್ತಿರ ತರುತ್ತದೆ.

ಈ ತುಣುಕಿಗೆ ಬಂದು ಅಂಟುವ ಪ್ರೋಟೀನುಗಳು ಅಕ್ಷರಗಳ ಜೋಡಣೆಯನ್ನು ಗುರುತಿಸುತ್ತವೆ. ಕೆಲವು ಕಡೆ ಒಂದಕ್ಷರ ಬದಲಾದರೂ ಸಾಕು, ಅಂಟುವ ಬಿಗಿ ಹೆಚ್ಚುಕಡಿಮೆಯಾಗುತ್ತದೆ; ಜೀನ್ ಹೆಬ್ಬೆರಳ ಕಡೆಯೂ ಎಚ್ಚೆತ್ತುಬಿಡುತ್ತದೆ. ಹೆಮಿಂಗ್ವೇ ಮನೆಯ ಬೆಕ್ಕುಗಳಿಗೆ ಆರನೇ ಬೆರಳು ಬಂದದ್ದು ಹೀಗೆ. ಮನುಷ್ಯರಲ್ಲೂ ಕೆಲವು ಕುಟುಂಬಗಳಲ್ಲಿ ಜೋಡಿ ಹೆಬ್ಬೆರಳು ಬಂದದ್ದು ಹೀಗೆಯೇ. ಸೋನಿಕ್ ಹೆಡ್ಜ್‌ಹಾಗ್ ಜೀನಿಗೆ ಏನೂ ಆಗಿಲ್ಲ, ಅದರ ಪ್ರೋಟೀನಿನಲ್ಲಿ ಯಾವ ಕೊರತೆಯೂ ಇಲ್ಲ. ಬದಲಾದದ್ದು ಅದು ಎಚ್ಚರಗೊಳ್ಳುವ ಜಾಗ!

ಇನ್ನೂ ದೊಡ್ಡ ಬೆರಗು ಬಂದದ್ದು 2016ರಲ್ಲಿ, ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಿಂದ. ಇಲಿಯ ಜೆಡ್‌ಆರ್‌ಎಸ್ ತೆಗೆದು ಮನುಷ್ಯನದ್ದನ್ನು ಕೂರಿಸಿದರು: ಕಾಲು ಸರಿಯಾಗಿಯೇ ಬೆಳೆಯಿತು. ಸೀಲಕ್ಯಾಂತ್ ಮೀನಿನದ್ದನ್ನು ಕೂರಿಸಿದರು: ಆಗಲೂ ಕಾಲು ಬಂತು! ಕಾಳಿಂಗ ಸರ್ಪದ್ದು, ಹೆಬ್ಬಾವಿನದ್ದು ಕೂರಿಸಿದಾಗ ಮಾತ್ರ ಕಾಲಿನ ಜಾಗದಲ್ಲಿ ಮೋಟು ಉಳಿಯಿತು. ಹಾವುಗಳ ತುಣುಕಿನಲ್ಲಿ 17 ಅಕ್ಷರ ಕಾಣೆಯಾಗಿದ್ದವು. ಹೆಬ್ಬಾವಿನ ತುಣುಕಿಗೆ ಆ 17 ಅಕ್ಷರಗಳನ್ನು ಮರಳಿ ಸೇರಿಸಿದ್ದೇ ತಡ, ಇಲಿಮರಿಗಳಿಗೆ ಪೂರ್ತಿ ಕಾಲು!

ನಮ್ಮ ಜೀನೋಮಿನ 300 ಕೋಟಿ ಅಕ್ಷರಗಳಲ್ಲಿ ಪ್ರೋಟೀನಿನ ಸೂತ್ರವಿರುವುದು ಹೆಚ್ಚುಕಡಿಮೆ ನೂರಕ್ಕೆ ಎರಡು ಪಾಲು. ಮಿಕ್ಕಿದ್ದನ್ನು ಕಸವೆಂದು ತಳ್ಳಿಹಾಕಿದ್ದ ಕಾಲವೂ ಇತ್ತು. ಆದರೆ ಮಧುಮೇಹ, ಹೃದ್ರೋಗದಂಥ ಕಾಯಿಲೆಗಳ ಅಪಾಯದೊಂದಿಗೆ ತಳುಕು ಹಾಕಿಕೊಂಡ ಅಕ್ಷರಭೇದಗಳಲ್ಲಿ ಬಹುಪಾಲು ಸಿಕ್ಕಿರುವುದು ಆ 'ಕಸ'ದಲ್ಲೇ. ಯಾವ ಜೀನ್ ಎಲ್ಲಿ, ಯಾವಾಗ, ಎಷ್ಟು ದುಡಿಯಬೇಕೆಂಬ ಅಪ್ಪಣೆ ಹೊರಡುವುದು ಅಲ್ಲಿಂದ. ಕಾಯಿಲೆಯ ಬೇರು ಹುಡುಕುವವರು ಇನ್ನು ಜೀನೊಂದನ್ನೇ ಓದಿ ಸುಮ್ಮನಾಗುವಂತಿಲ್ಲ. ಅದರ ಸುತ್ತಲಿನ ಲಕ್ಷಾಂತರ ಅಕ್ಷರಗಳನ್ನೂ ಓದಲೇಬೇಕು!