‘ಹೂಳು’ ಮತ್ತು ‘ಆಂಸೆವ್ಲೀರ್’: ಎರಡು ಕ್ರಿಯಾಪದಗಳ ನಿಷ್ಪತ್ತಿ ಹಾಗೂ ಅರ್ಥ

ಶವವನ್ನು ಹೂಳುವುದಕ್ಕೆ ಫ್ರೆಂಚ್ ಭಾಷೆಯಲ್ಲಿರುವ ಕ್ರಿಯಾಪದಗಳಲ್ಲಿ ‘ಆಂತೆರೇ’ಯ ರಚನೆ ಸ್ಪಷ್ಟವಾಗಿದೆ: ಅದರೊಳಗಿನ ‘ತೆರ್’ ಎಂದರೆ ಮಣ್ಣು. ‘ಆಂಸೆವ್ಲೀರ್’ ಹಾಗಲ್ಲ. ಅದರ ಮೂಲವು ಲ್ಯಾಟಿನ್ನಿನ ‘ಸೆಪೆಲೀರೆ’. ಇದನ್ನು ನಿರುಕ್ತಕಾರರು ಸಾಮಾನ್ಯವಾಗಿ ಸಂಸ್ಕೃತದ ‘ಸಪರ್ಯತಿ’ಗೆ (ಪೂಜಿಸುತ್ತಾನೆ) ಜ್ಞಾತಿಯೆಂದು ಎಣಿಸುತ್ತಾರೆ. ನಮಗೆ ಪರಿಚಿತವಾದ ‘ಸಪರ್ಯೆ’ಯೂ ಅಲ್ಲಿಯದೇ. ಎಂದರೆ ಈ ಪದದ ಬೇರಿನಲ್ಲಿರುವುದು ಮಣ್ಣಲ್ಲ, ಗೌರವ. ಶವಕ್ಕೆ ವಸ್ತ್ರ ಸುತ್ತುವುದು ಎಂಬ ಅರ್ಥವೂ ಅದಕ್ಕಿದೆ.

ಕನ್ನಡದ ‘ಹೂಳು’ ಇದಕ್ಕೆ ವಿರುದ್ಧ ದಿಕ್ಕಿನಿಂದ ಬಂದಿದೆ. ಹಳಗನ್ನಡದ ‘ಪೂೞ್’ ಧಾತುವಿನ ಪಕಾರವು ಹಕಾರವಾಗಿ, ೞಕಾರವು ಳಕಾರವಾಗಿ ಇಂದಿನ ರೂಪ ಸಿದ್ಧಿಸಿತು. ಮಲಯಾಳದ ‘ಪೂೞ್ತ್ತುಕ’, ತೆಲುಗಿನ ‘ಪೂಡ್ಚು’ ಇದರ ಜ್ಞಾತಿಗಳು. ‘ಏೞ್’ ತೆಲುಗಿನಲ್ಲಿ ‘ಏಡು’ ಆಗುವಂತೆ ಇಲ್ಲಿಯೂ ೞಕಾರಕ್ಕೆ ಡಕಾರ ಸಂವಾದಿಯಾಗಿದೆ. ಮಣ್ಣಿನಿಂದ ಮುಚ್ಚುವುದೇ ಇದರ ಮುಖ್ಯಾರ್ಥ; ಗೌರವದ ಸೂಚನೆ ಇದರಲ್ಲಿಲ್ಲ. ಆದುದರಿಂದಲೇ ನಾಮಪದವಾದ ‘ಹೂಳು’ ನೀರಿನ ತಳದಲ್ಲಿ ತುಂಬಿದ ಕೆಸರನ್ನು ಹೇಳುತ್ತದೆ. ಭಾವಿಕೇರಿಯಂಥ ಊರಿನಲ್ಲಿ ಬಾವಿಯ ಹೂಳೆತ್ತುವ ಮಾತು ಶ್ಮಶಾನವನ್ನು ನೆನಪಿಸುವುದಿಲ್ಲ.

ಈ ಎರಡು ಅರ್ಥಗಳು ಅದೇ ಅಂಕೋಲಾ ತಾಲೂಕಿನಲ್ಲಿ ದಾರುಣವಾಗಿ ಕೂಡಿದವು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೂ ಗಂಗಾವಳಿ ನದಿಗೂ ಬಿತ್ತು. ಜನರು ‘ಹೂತುಹೋದರು’; ಅವರನ್ನು ಹುಡುಕಲು ನದಿಯ ‘ಹೂಳು’ ತೆಗೆಯಬೇಕಾಯಿತು. ಕೇರಳದ ಲಾರಿಯೊಂದು ಚಾಲಕನ ದೇಹದೊಡನೆ ನದಿಯಲ್ಲಿ ದೊರೆತದ್ದು ಸೆಪ್ಟೆಂಬರ್ 25ರಂದು, 71 ದಿನಗಳ ಬಳಿಕ.

ಇಂಥ ಪ್ರಸಂಗದಲ್ಲಿ ಫ್ರೆಂಚ್ ‘ಆಂಸೆವ್ಲೀರ್’ ಪದವನ್ನೇ ಬಳಸಬಹುದು. ಗೌರವದ ಪದವು ಅಲ್ಲಿ ಕುಸಿದ ಮಣ್ಣಿಗೂ ಕಲ್ಲಿಗೂ ವಿಸ್ತರಿಸಿದೆ. ಕನ್ನಡವಾದರೋ ಇವನ್ನು ಬೇರ್ಪಡಿಸುತ್ತದೆ. ‘ಹೂತುಹೋಗು’ ಎಂಬಲ್ಲಿ ಹೂಳುವ ಕರ್ತೃವಿಲ್ಲ. ‘ಮಣ್ಣು ಮಾಡು’, ‘ಮಣ್ಣು ಕೊಡು’ ಎಂಬಲ್ಲಿ ತನ್ನವರ ಕೈಯಿದೆ. ಶಿರೂರಿನ ಕುಟುಂಬಗಳು ಕಾದದ್ದು ಈ ಅಂತರದಲ್ಲಿಯೇ: ಹೂತುಹೋದವರನ್ನು ಹೊರತೆಗೆದ ಹೊರತು ಅವರಿಗೆ ಸಂಸ್ಕಾರ ಮಾಡುವಂತಿರಲಿಲ್ಲ.

ಆದಕಾರಣ ಫ್ರೆಂಚ್–ಕನ್ನಡ ನಿಘಂಟಿನಲ್ಲಿ ‘ಆಂಸೆವ್ಲೀರ್’ಗೆ ‘ಹೂಳು’ ಎಂಬ ಒಂದೇ ಅರ್ಥ ಕೊಟ್ಟರೆ ಸಾಲದೆಂದು ನಾವು ಭಾವಿಸುತ್ತೇವೆ. ಕರ್ತೃವು ಮನುಷ್ಯನಾದಾಗ ‘ಮಣ್ಣು ಮಾಡು’ ಎಂದೂ, ಗುಡ್ಡವೋ ಹಿಮವೋ ಆದಾಗ ‘ಹೂತುಹಾಕು’ ಎಂದೂ ಬೇರೆಬೇರೆಯಾಗಿ ನಮೂದಿಸುವುದು ಯುಕ್ತ.