ಮನೆಯಲ್ಲಿ ಕಟ್ಟುವ ಧ್ವನಿವರ್ಧಕದಲ್ಲಿ ಸಂಧಿಸ್ಥಾನದ ನಿರ್ಣಯ

ಗಮಕವಾಚನ, ನಾಟಕಸಂಭಾಷಣೆ ಮೊದಲಾದವುಗಳ ಧ್ವನಿಮುದ್ರಣಗಳನ್ನು ತರಗತಿಯಲ್ಲಿ ಕೇಳಿಸಬೇಕೆಂಬ ಅಧ್ಯಾಪಕರು ಅಲ್ಪವ್ಯಯದಲ್ಲಿ ಸ್ವಹಸ್ತದಿಂದ ಧ್ವನಿವರ್ಧಕವನ್ನು ಕಟ್ಟಿಕೊಳ್ಳುವುದುಂಟು. ಆದರೆ ಅನೇಕವೇಳೆ ಅದರಲ್ಲಿ ಸಕಲವು ಯಾವುದು, ಶಕಲವು ಯಾವುದು ಎಂಬುದೇ ತಿಳಿಯದೆ ಹೋಗುತ್ತದೆ. ಇಲ್ಲವೆ ಸಕಾರವು ಸೂಜಿಯಂತೆ ಕಿವಿಯನ್ನು ಚುಚ್ಚುತ್ತದೆ. ಅಗ್ಗದ ಸಾಮಗ್ರಿಯನ್ನು ಇದಕ್ಕಾಗಿ ದೂರುವುದು ವಾಡಿಕೆ. ವಿಚಾರಿಸಿದರೆ ದೋಷವು ಹೆಚ್ಚಾಗಿ ಜೋಡಣೆಯಲ್ಲಿರುತ್ತದೆ.

ಇಂತಹ ಪೆಟ್ಟಿಗೆಯಲ್ಲಿ ಮಂದ್ರ ಮಧ್ಯ ನಾದಗಳಿಗೆ ವೂಫರ್ ಎಂಬ ದೊಡ್ಡ ಸ್ಪೀಕರೂ ತಾರನಾದಕ್ಕೆ ಟ್ವೀಟರ್ ಎಂಬ ಚಿಕ್ಕದೂ ಇರುತ್ತವೆ. ಒಂದು ಬಿಟ್ಟು ಮತ್ತೊಂದು ಹಿಡಿಯುವ ಎಡೆಗೆ ಕ್ರಾಸ್‌ಓವರ್ ಎಂದು ಹೆಸರು. ಎರಡರ ನಾದವೂ ಅಲ್ಲಿ ಕೂಡುವುದರಿಂದ ಸಂಧಿಸ್ಥಾನವೆನ್ನಲು ಅಡ್ಡಿಯಿಲ್ಲ.

ಸಂಧಿಸ್ಥಾನದ ಮೇಲಿನ ಎಲ್ಲೆಯನ್ನು ವೂಫರು ಗೊತ್ತುಮಾಡುತ್ತದೆ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 344 ಮೀಟರು ಚಲಿಸುವುದರಿಂದ 2600 ಹರ್ಟ್ಸಿನ ಅಲೆಯ ಉದ್ದ 13 ಸೆಂಟಿಮೀಟರು. ಆರೂವರೆ ಅಂಗುಲದ ವೂಫರಿನಲ್ಲಿ ಅಲುಗುವ ಕಾಗದದ ವ್ಯಾಸವೂ ಹೆಚ್ಚುಕಡಿಮೆ ಅಷ್ಟೇ. ಅಲೆಯು ಇದಕ್ಕಿಂತ ಕಿರಿದಾದಂತೆಲ್ಲ ನಾದವು ಹರಡದೆ ನೇರವಾಗಿ ಮುಂದಕ್ಕೆ ಹೋಗುವುದು. ಪಕ್ಕದ ಬೆಂಚಿನವರಿಗೆ ಅದು ದಕ್ಕದು. ನಾಲ್ಕು ಅಂಗುಲದ ವೂಫರಿಗೆ ಈ ಎಲ್ಲೆ 4000 ಹರ್ಟ್ಸನ್ನೂ ಮೀರುತ್ತದೆ.

ಕೆಳಗಿನ ಎಲ್ಲೆಯು ಟ್ವೀಟರಿನ ಸಹಜಕಂಪನಸಂಖ್ಯೆಯನ್ನು ಅವಲಂಬಿಸಿದೆ. ಅಷ್ಟೇ ಗಟ್ಟಿಯಾದ ನಾದವನ್ನು ಒಂದು ಸ್ಥಾಯಿ ಕೆಳಗೆ ಹೊರಡಿಸಬೇಕಾದರೆ ಅದರ ಪೊರೆಯು ನಾಲ್ಕರಷ್ಟು ದೂರ ಅಲುಗಬೇಕು. ಆದಕಾರಣ ಸಹಜಸಂಖ್ಯೆಗೆ ಒಂದು ಸ್ಥಾಯಿಯಾದರೂ ಮೇಲೆ, ಎಂದರೆ ಅದರ ಇಮ್ಮಡಿಯಲ್ಲಿ, ಸಂಧಿಯನ್ನು ಇಡತಕ್ಕದ್ದು. ಸಹಜಸಂಖ್ಯೆ 1000 ಆದರೆ 2000; 1700 ಆದರೆ 3400. ಡಬ್ಬಿಯ ಮೇಲೆ ಅಚ್ಚಾದ ವ್ಯಾಪ್ತಿಯನ್ನು ನಂಬಿ ಕೆಡುವವರು ಬಹಳ.

1700ರ ಅಗ್ಗದ ಟ್ವೀಟರನ್ನು ಆರೂವರೆ ಅಂಗುಲದ ವೂಫರಿಗೆ ಸೇರಿಸಿದಲ್ಲಿ 2600ಕ್ಕೂ 3400ಕ್ಕೂ ನಡುವೆ ಇಬ್ಬರೂ ಸರಿಯಾಗಿ ಹೊರದ ಭಾರವೊಂದು ಉಳಿಯುತ್ತದೆ. ಶಕಾರದ ಘೋಷವು ಸುಮಾರು 2500ರಿಂದ ಮೇಲೆಯೂ ಸಕಾರದ್ದು ಬಹುಮಟ್ಟಿಗೆ 4000ದ ಮೇಲೆಯೂ ಇರುವುದು. ದಂತ್ಯದಲ್ಲಿ ನಾಲಗೆಯ ಮುಂದಣ ಕುಹರವು ತಾಲವ್ಯಕ್ಕಿಂತ ಚಿಕ್ಕದಾದುದೇ ಈ ಭೇದಕ್ಕೆ ಕಾರಣ. ಹೀಗಾಗಿ ಮೊದಲು ಕೆಡುವುದು ಶಕಾರ. ಟ್ವೀಟರಿಗೆ ಹಣ ಸಾಲದಿದ್ದರೆ ವೂಫರನ್ನು ಚಿಕ್ಕದು ಮಾಡಬೇಕು. ಮೃದಂಗದ ಗುಮ್ಮೆನ್ನುವ ನಾದ ಸ್ವಲ್ಪ ಕುಗ್ಗಿದರೂ ಅಕ್ಷರ ಉಳಿಯುತ್ತದೆ.

ಇನ್ನು ಟ್ವೀಟರಿಗೆ ಒಂದೇ ಕೆಪಾಸಿಟರನ್ನು ಹಾಕಿ ಮುಗಿಸುವ ಪದ್ಧತಿ. 8 ಓಮಿನ ಟ್ವೀಟರಿಗೆ 4000 ಹರ್ಟ್ಸಿನಲ್ಲಿ ಸುಮಾರು 5 ಮೈಕ್ರೋಫ್ಯಾರಡ್ ಬೇಕಾಗುತ್ತದೆ. ಅಂಗಡಿಯಲ್ಲಿ ದೊರೆಯುವ 4.7 ಸಾಕು. ಆದರೆ ಒಂದು ಸ್ಥಾಯಿ ಕೆಳಗೆ ಇದು ತಡೆಯುವುದು 7 ಡೆಸಿಬೆಲ್ ಮಾತ್ರ. ಸುರುಳಿಯನ್ನೂ ಸೇರಿಸಿದ ಲಿಂಕ್‌ವಿಟ್ಜ್-ರೈಲಿ ಕ್ರಮದಲ್ಲಿ 14 ಡೆಸಿಬೆಲ್ ತಡೆಯುಂಟು. ಈ ಕ್ರಮದಲ್ಲಿ ಟ್ವೀಟರಿನ ತಂತಿಗಳನ್ನು ಅದಲುಬದಲಾಗಿ ಬೆಸೆಯತಕ್ಕದ್ದು. ಮರೆತರೆ ಎರಡು ನಾದಗಳೂ ಒಂದನ್ನೊಂದು ಅಳಿಸಿಕೊಂಡು ಅಕ್ಷರಶಃ ಲೋಪಸಂಧಿಯೇ ಆದೀತು!

ಟ್ವೀಟರಿನ ಸಂವೇದನೆಯು ವೂಫರಿನದಕ್ಕಿಂತ ತುಸು ಹೆಚ್ಚಾಗಿರಲಿ. ಹೆಚ್ಚಾದುದನ್ನು ರೆಸಿಸ್ಟರಿನಿಂದ ಇಳಿಸಬಹುದು, ಕಡಿಮೆಯಾದುದನ್ನು ಏರಿಸುವ ಉಪಾಯವಿಲ್ಲ. ಎಷ್ಟು ಇಳಿಸಬೇಕೆಂಬುದನ್ನು ಪರಿಚಿತ ಕಂಠವೊಂದರ ವಾಚನದಿಂದಲೇ ತಿಳಿಯತಕ್ಕದ್ದು: ನಡುವಿನ ಬೆಂಚಿನಲ್ಲಿ ಒಮ್ಮೆ, ಗೋಡೆಯ ಪಕ್ಕದಲ್ಲಿ ಒಮ್ಮೆ ಕುಳಿತು, ಶಕಾರ ಸಕಾರಗಳು ಎರಡು ಕಡೆಯಲ್ಲಿಯೂ ಬೇರೆಬೇರೆಯಾಗಿ ಕೇಳುವವರೆಗೆ.